ಬೋಗಣಿಯ ಧರ್ಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮನೆಗೆ ಬಂದವರಿಗೆ ಹೇಳುವ ಮೊದಲ ಮಾತು ‘ಬರ್ರಿ, ಕೂಡ್ರಿ’. ಎರಡನೆಯದು ‘ಚಾ ಇಡತೀನಿ’. ಬಂದವರು ‘ಈಗಷ್ಟ ಕುಡದ ಬಂದೀನ್ರಿ’ ಎನ್ನುವಷ್ಟರಲ್ಲಿ ಬೋಗಣಿ ಒಲೆ ಏರಿರುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿದ ಎರಡು ಯಾಲಕ್ಕಿ, ಒಂದು ಲವಂಗ, ಒಂದು ಚೂರು ಶುಂಠಿ ಅದರೊಳಗೆ ಬೀಳುತ್ತವೆ; ಹಾಲು ಉಕ್ಕಿ ಬಂದಾಗ ಉರಿ ತಗ್ಗುತ್ತದೆ; ಸೋಸಿದ ಚಹಾ ಕಪ್ಪು-ಬಸಿಗಳಲ್ಲಿ ಪಡಸಾಲೆಗೆ ಬರುತ್ತದೆ. ಮದುವೆಯ ಕಾಗದ ಕೊಡಲು ಬಂದ ಬೀಗರು, ಕಬ್ಬಿನ ತೂಕದ ಚೀಟಿ ತಂದ ಹುಡುಗ, ಕರೆಂಟಿನ ಮೀಟರು ನೋಡಲು ಬಂದವರು, ಪಕ್ಕದ ಮನೆಯ ಅಜ್ಜಿ, ಎಲ್ಲರಿಗೂ ಒಂದೇ ಬೋಗಣಿ. ಈ ಬೋಗಣಿಗೆ ಒಂದೆರಡು ಚಮಚೆ ಕಿತ್ತಳೆಯ ಮದ್ಯ ಸುರಿದರೆ ಏನಾಗುತ್ತದೆ? ಪಶ್ಚಿಮದ ಅಡುಗೆಮನೆಗಳಲ್ಲಿ ಮಸಾಲೆ ಚಹಾಕ್ಕೆ ಹೀಗೊಂದು ಹೊಸ ರುಚಿ ಕೊಡುವ ರೂಢಿ ಇದೆ. ಆ ಪಾಕವಿಧಾನ ಇಂದು ಯಾರ ಮೊಬೈಲಿಗೂ ದೂರವಲ್ಲ. ನೋಡಲು ಇದು ಅಡುಗೆಯ ಪ್ರಶ್ನೆ. ಆದರೆ ಜೈನರು, ಲಿಂಗಾಯತರು, ಬೌದ್ಧರು, ಮುಸಲ್ಮಾನರು, ಕುರುಬರು, ಮರಾಠರು ಅಕ್ಕಪಕ್ಕ ಬದುಕುವ ಸೀಮೆಯಲ್ಲಿ ಇದರ ಬೇರು ಧರ್ಮದೊಳಗೆ ಇಳಿದಿದೆ. ನನ್ನ ವಾದ ಇಷ್ಟು: ಬಂದವರಿಗೆಂದು ಇಟ್ಟ ಬೋಗಣಿಗೆ ಮದ್ಯ ಸೇರಬಾರದು. ಮದ್ಯ ಮೈಲಿಗೆಯ ವಸ್ತು ಎಂಬ ಕಾರಣಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಬಂದವರು ಏನೂ ಕೇಳದೆ, ತಮ್ಮ ಬಗ್ಗೆ ಏನೂ ಹೇಳಿಕೊಳ್ಳದೆ, ನಂಬಿ ಕುಡಿಯಬಹುದಾದದ್ದು ಮನೆಯ ಚಹಾ. ಆ ನಂಬಿಕೆಯೇ ಅದರ ಧರ್ಮ.

ಮೊದಲು ವಸ್ತುವನ್ನೇ ನೇರವಾಗಿ ನೋಡೋಣ. ಕಿತ್ತಳೆ ಮದ್ಯಗಳಲ್ಲಿ ಹೆಸರಾದ ಕ್ವಾಂಟ್ರೋ ಫ್ರಾನ್ಸಿನ ಆಂಜೇ ಪಟ್ಟಣದ್ದು; ಗ್ರಾಂ ಮಾರ್ನಿಯೇ 1880ರಲ್ಲಿ ಹುಟ್ಟಿದ್ದು. ಎರಡರಲ್ಲೂ ನೂರಕ್ಕೆ 40 ಪಾಲು ಆಲ್ಕೋಹಾಲ್. ಕಿತ್ತಳೆಯ ಘಮ ಇರುವುದು ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ. ಆ ಎಣ್ಣೆ ನೀರಿನಲ್ಲಿ ಕರಗದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಘಮವನ್ನು ಹೊತ್ತು ತರುವ ಕೆಲಸವಷ್ಟೇ ಇಲ್ಲಿ ಮದ್ಯದ್ದು. ‘ಇದು ಹೊರಗಿನದು, ಅದಕ್ಕೇ ಬೇಡ’ ಎನ್ನುವವರಿದ್ದಾರೆ; ಆ ಮಾತು ನಿಲ್ಲುವುದಿಲ್ಲ. ಕಿತ್ತಳೆ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು. ನಮ್ಮ ‘ನಾರಂಗ’ ಶಬ್ದವೇ ಪಾರಸಿ, ಅರಬ್ಬಿ ದಾಟಿ ಯುರೋಪಿನ ಭಾಷೆಗಳಿಗೆ ಹೋಯಿತು. ಮದ್ಯಸಾರವೂ ಈ ಸೀಮೆಗೆ ಅಪರಿಚಿತವಲ್ಲ. ಕಾಗವಾಡ ತಾಲೂಕಿನ ಉಗಾರ ಖುರ್ದದ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನಿಂದ ಸಕ್ಕರೆ ಬರುತ್ತದೆ, ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮದ್ಯಸಾರ ಬರುತ್ತದೆ. ಒಂದೇ ಗಳದ ಕಬ್ಬು ಎರಡೂ ಆಗಬಲ್ಲದು. ಹಾಗೆ ನೋಡಿದರೆ ನಮ್ಮದೆಂದು ನಾವು ಅಪ್ಪಿಕೊಂಡ ಚಹಾವೇ ತಡವಾಗಿ ಬಂದದ್ದು. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಇನ್ನು ಪ್ರಮಾಣದ ಮಾತು. ಎರಡು ಚಿಕ್ಕ ಚಮಚೆ ಎಂದರೆ 10 ಮಿಲಿಲೀಟರ್. ಅದರಲ್ಲಿ ಆಲ್ಕೋಹಾಲ್ 4 ಮಿಲಿಲೀಟರ್, ತೂಕದಲ್ಲಿ ಸುಮಾರು 3 ಗ್ರಾಂ. ಅಷ್ಟಕ್ಕೆ ಆರೋಗ್ಯವಂತ ವಯಸ್ಕರಿಗೆ ಅಮಲೇರದು. ಬಿಸಿ ಚಹಾಕ್ಕೆ ಹಾಕಿದರೆ ಆರಿಹೋಗುತ್ತದೆ ಎಂಬ ಸಮಾಧಾನ ಮಾತ್ರ ಸುಳ್ಳು. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುವುದು ನಿಜ, ಆದರೆ ಒಲೆಯಿಂದ ಇಳಿಸಿದ ಬಿಸಿ ದ್ರವಕ್ಕೆ ಬೆರೆಸಿದಾಗ ನೂರಕ್ಕೆ 85ರಷ್ಟು ಉಳಿದೇ ಇರುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕಗಳು ಹೇಳುತ್ತವೆ. ಅಮಲೇರುವುದಿಲ್ಲ, ಇಲ್ಲವಾಗುವುದೂ ಇಲ್ಲ. ಈ ಎರಡನ್ನೂ ಒಪ್ಪಿಕೊಂಡು ನಿಲ್ಲುವ ವಾದ ಮಾತ್ರ ಇಲ್ಲಿ ವಾದ.

ಬೇಡವೆನ್ನಲು ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವ ಆಧಾರ ಮನುಸ್ಮೃತಿ. ಬ್ರಹ್ಮಹತ್ಯೆ, ಕಳವು, ಗುರುಪತ್ನೀಗಮನಗಳ ಸಾಲಿನಲ್ಲಿ ಸುರಾಪಾನವನ್ನೂ ಅದು ಮಹಾಪಾತಕವೆಂದು ಎಣಿಸುತ್ತದೆ. ಸುರೆಯಲ್ಲಿ ಮೂರು ಬಗೆ ಹೇಳುತ್ತದೆ: ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಮೂರನೆಯದು ಮಾಧ್ವೀ. ಕಬ್ಬಿನ ನಾಡಿಗೆ ಮೊದಲ ಹೆಸರು ನೇರವಾಗಿ ತಾಗುತ್ತದೆ. ಆದರೂ ಈ ನೆಲೆಯ ಮೇಲೆ ನಿಂತು ಚಹಾದ ಬಗ್ಗೆ ಮಾತಾಡಲು ನನಗೆ ಮನಸ್ಸಿಲ್ಲ. ಈ ಸೀಮೆಯ ಯಾರೂ ಹಾಗೆ ಮಾತಾಡಬಾರದು. ವಸ್ತುಗಳನ್ನು ಶುದ್ಧ, ಅಶುದ್ಧ ಎಂದು ವಿಂಗಡಿಸಿದ ಅದೇ ಬುದ್ಧಿ ಮನುಷ್ಯರನ್ನೂ ವಿಂಗಡಿಸಿತು. ಯಾರ ಕೈಯ ನೀರು ಕುಡಿಯಬಹುದು, ಯಾರದು ಕೂಡದು ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿಂದ. 1927ರ ಮಾರ್ಚಿನಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅಸ್ಪೃಶ್ಯರೆನಿಸಿಕೊಂಡವರಿಗೆ ಮುಚ್ಚಿದ್ದ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ನೀರಿನ ಪ್ರಶ್ನೆಯೂ ಪುಸ್ತಕದ ಪ್ರಶ್ನೆಯೂ ಒಂದೇ ಎಂದು ಅವರು ಕಂಡುಕೊಂಡಿದ್ದರು. ಮದ್ಯ ಬೇಡವೆನ್ನಲು ಆ ಪುಸ್ತಕವನ್ನೇ ಕರೆದರೆ, ಮದ್ಯದ ಜೊತೆಗೆ ಮನುಷ್ಯರೂ ಬಾಗಿಲ ಹೊರಗೆ ಉಳಿಯುತ್ತಾರೆ. ಚಹಾದ ಧರ್ಮಕ್ಕೆ ಬೇರೆಯೇ ನೆಲ ಬೇಕು.

ಆ ನೆಲ ಇದೇ ಸೀಮೆಯ ಚರಿತ್ರೆಯಲ್ಲಿದೆ. ಚಹಾ ಯಾವ ಶಾಸ್ತ್ರಕ್ಕೂ ಗೊತ್ತಿಲ್ಲದ ಪಾನೀಯ. ಅದಕ್ಕೆ ಮಡಿಯ ನಿಯಮ ಬರೆದಿಟ್ಟ ಸ್ಮೃತಿಯಿಲ್ಲ, ಅದನ್ನು ಮಾಡಬೇಕಾದವರು ಯಾರೆಂದು ಹೇಳಿದ ಸೂತ್ರವಿಲ್ಲ. ಆದರೂ ಅದು ಬಂದ ಕೆಲವೇ ದಶಕಗಳಲ್ಲಿ ಚಹಾದಂಗಡಿಗಳ ಹೊರಗೆ ದಲಿತರಿಗೆಂದು ಬೇರೆ ಕಪ್ಪು ತೂಗುಬಿದ್ದವು. ಕುಡಿದವರೇ ತೊಳೆದಿಡಬೇಕಾದ ಕಪ್ಪುಗಳು ಅವು. ಕೊಲ್ಲಾಪುರದ ಶಾಹೂ ಮಹಾರಾಜರು ಇದಕ್ಕೆ ಉತ್ತರ ಕೊಟ್ಟದ್ದು ಚಹಾದಿಂದಲೇ. ಅಸ್ಪೃಶ್ಯರೆನಿಸಿಕೊಂಡ ಗಂಗಾರಾಮ ಕಾಂಬಳೆಯವರಿಗೆ ಕೊಲ್ಲಾಪುರದಲ್ಲಿ ಚಹಾದಂಗಡಿ ತೆರೆಯಲು ನೆರವಾದರು; ಸ್ವತಃ ಹೋಗಿ ಎಲ್ಲರ ಕಣ್ಣೆದುರು ಅಲ್ಲಿ ಚಹಾ ಕುಡಿದರು, ತಮ್ಮ ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಂದರೆ ಆ ಚಹಾ ನೆರೆಯ ದೊರೆಯದಲ್ಲ, ಇಲ್ಲಿನ ಜನರ ದೊರೆಯೇ ಕುಡಿದದ್ದು. ಮುಂದೆ 1925ರ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿದಾಗ ಅದರ ಅಧ್ಯಕ್ಷತೆ ವಹಿಸಿದವರು ಅಂಬೇಡ್ಕರ್. ಮಹಾಡಕ್ಕಿಂತ ಎರಡು ವರ್ಷ ಮೊದಲೇ ಅವರ ಧ್ವನಿ ಈ ಗಡಿಯಲ್ಲಿ ಕೇಳಿತ್ತು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆ ಅಲ್ಲಿನ ಪಾತ್ರೆಗಳನ್ನು ಬಳಸಲು ಬಿಡದಿರುವುದನ್ನೂ ಅಪರಾಧವೆಂದಿತು. ಪಾತ್ರೆಯ ಹೆಸರೆತ್ತಿ ಒಂದು ದೇಶ ಕಾನೂನು ಬರೆಯಬೇಕಾಯಿತು ಎಂಬುದರಲ್ಲೇ ಒಂದು ಕಪ್ಪಿನೊಳಗೆ ಎಷ್ಟು ಧರ್ಮ, ಎಷ್ಟು ಅಧರ್ಮ ಹಿಡಿಸುತ್ತದೆ ಎಂಬುದು ತಿಳಿಯುತ್ತದೆ. ಈ ಚರಿತ್ರೆಯಿಂದ ನಾನು ತೆಗೆದುಕೊಳ್ಳುವ ತತ್ವ ಒಂದು: ಒಂದೇ ಬೋಗಣಿ, ಒಂದೇ ಬಗೆಯ ಕಪ್ಪು, ಬಂದ ಯಾರೂ ಕುಡಿಯಬಲ್ಲದ್ದು. ಇದಕ್ಕಾಗಿ ಜನ ಹೋರಾಡಿದ್ದಾರೆ. ಆ ಬೋಗಣಿಯೊಳಗೆ ಏನು ಬೀಳಬೇಕು ಎಂಬುದನ್ನು ಈ ತತ್ವದಿಂದಲೇ ಅಳೆಯಬೇಕು.

ಹಾಗೆ ಅಳೆಯಹೊರಟಾಗ ಮೊದಲು ಎದುರಾಗುವವರು ವ್ರತ ಹಿಡಿದವರು. ಈ ಐದು ತಾಲೂಕುಗಳು ದಿಗಂಬರ ಜೈನರ ದೊಡ್ಡ ನೆಲೆ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದ ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದವರು; ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದವರು; 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದವರು. ಕಬ್ಬಿನ ಸೀಮೆಯಲ್ಲಿ ಹುಟ್ಟಿದ ಆ ಮುನಿ ಉಪ್ಪಿನ ಜೊತೆಗೆ ಸಕ್ಕರೆಯನ್ನೂ ಬಿಟ್ಟಿದ್ದರು. ಮುನಿಗಳ ಹಾದಿ ಕಠಿಣ. ಗೃಹಸ್ಥರಾದ ಶ್ರಾವಕರಿಗೆ ಹೇಳಿದ್ದು ಎಂಟು ಮೂಲಗುಣಗಳು, ಮದ್ಯವನ್ನು ಬಿಡುವುದು ಅವುಗಳಲ್ಲಿ ಒಂದು. ಯಾಕೆ ಬಿಡಬೇಕೆಂಬುದಕ್ಕೆ ಅಮೃತಚಂದ್ರ ಸೂರಿಗಳ ‘ಪುರುಷಾರ್ಥಸಿದ್ಧ್ಯುಪಾಯ’ ಎರಡು ಕಾರಣ ಕೊಡುತ್ತದೆ. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವ ಧರ್ಮ ಮರೆತು ಹಿಂಸೆಗೆ ಅಂಜುವುದಿಲ್ಲ. ಹುಳಿತ ರಸ ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟುವ ತಾಣ, ಆದ್ದರಿಂದ ಕುಡಿಯುವುದೇ ಹಿಂಸೆ. ಮೊದಲ ಕಾರಣ ಪ್ರಮಾಣಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗಬಹುದು. ಎರಡನೆಯದಕ್ಕೆ ಚಮಚೆಯೂ ಒಂದೇ, ಕೊಡವೂ ಒಂದೇ. ಇದೇ ಎಚ್ಚರ ಶುಂಠಿಯ ತನಕ ಬರುತ್ತದೆ. ನೆಲದೊಳಗೆ ಬೆಳೆದು ಮತ್ತೆ ಚಿಗುರಬಲ್ಲ ಹಸಿ ಶುಂಠಿ ಅನಂತ ಜೀವಗಳ ಒಡಲು, ಅದಕ್ಕೇ ವರ್ಜ್ಯ. ಒಣಗಿದ ಶುಂಠಿಯಲ್ಲಿ ಆ ಜೀವವಿಲ್ಲ, ಅದಕ್ಕೇ ಸಲ್ಲುತ್ತದೆ. ಒಂದೇ ಬೇರು ಬಿಸಿಲಿಗೆ ಒಣಗಿದರೆ ಊಟಕ್ಕೆ ಬರುತ್ತದೆ. ಯಾವ ವಸ್ತುವೂ ತನ್ನಷ್ಟಕ್ಕೆ ಹೀನವಲ್ಲ, ಅದು ಯಾವ ಸ್ಥಿತಿಯಲ್ಲಿ ಯಾವ ಜೀವಕ್ಕೆ ನೋವು ತರುತ್ತದೆ ಎಂಬುದೇ ಪ್ರಶ್ನೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಮಡಿಯನ್ನು ಮುಂಬಾಗಿಲಿನಿಂದ ಹೊರಗೆ ಹಾಕಿ, ವ್ರತದ ಹೆಸರಿನಲ್ಲಿ ಹಿತ್ತಲಿನಿಂದ ಒಳಗೆ ಕರೆದಂತಾಗಲಿಲ್ಲವೆ? ಇದು ಮುಟ್ಟುವುದಿಲ್ಲ, ಅದು ಕುಡಿಯುವುದಿಲ್ಲ ಎನ್ನುವ ಎಲ್ಲವೂ ಕಡೆಗೆ ಒಂದೇ ಅಲ್ಲವೆ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ನಿಜ. ಅವುಗಳ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ವ್ರತ ಹಿಡಿದವಳು ತನ್ನ ನಾಲಿಗೆಯನ್ನು ತಾನು ಕಟ್ಟಿಕೊಳ್ಳುತ್ತಾಳೆ. ಅದರ ಕಷ್ಟ ಅವಳದೇ. ಮಡಿ ಹಿಡಿದವನು ಇನ್ನೊಬ್ಬನ ಕೈಯನ್ನು ಕಟ್ಟುತ್ತಾನೆ. ಆ ಕಷ್ಟಕ್ಕೆ ಅವನು ಏನನ್ನೂ ತೆರುವುದಿಲ್ಲ. ವ್ರತಕ್ಕೆ ಹೇಳಬಹುದಾದ ಕಾರಣವಿದೆ, ಆ ಕಾರಣ ಜೀವದಯೆ, ಎಚ್ಚರ, ಆರೋಗ್ಯಗಳ ಬಗ್ಗೆ ಇರುತ್ತದೆ; ಅದನ್ನು ಯಾರೂ ಪರೀಕ್ಷಿಸಬಹುದು, ಒಪ್ಪದೆ ಬಿಡಬಹುದು. ಮಡಿಗೆ ಇರುವ ಕಾರಣ ಹುಟ್ಟು ಒಂದೇ. ಒಂದು ಜಾತಿಯ ಕೈಯಿಂದ ಬಂದ ಚಹಾ ಬೇಡವೆನ್ನುವುದು ವ್ರತವೆಂದು ಯಾರಾದರೂ ಹೇಳಿದರೆ ಅದು ಸುಳ್ಳು ವ್ರತ. ಅದಕ್ಕೆ ಬೋಗಣಿ ಬಾಗಬೇಕಾಗಿಲ್ಲ. ಮದ್ಯ ಬೆರೆತದ್ದು ಬೇಡವೆನ್ನುವವರು ಮಾಡಿದವರ ಜಾತಿ ಕೇಳುತ್ತಿಲ್ಲ, ಅವರನ್ನು ಕೀಳಾಗಿಸುತ್ತಿಲ್ಲ. ತಾವು ಹಿಡಿದ ನಡೆಯನ್ನು ಕೆಡಿಸಬೇಡಿ ಎಂದಷ್ಟೇ ಕೋರುತ್ತಿದ್ದಾರೆ. ಆ ಕೋರಿಕೆಗೆ ಬೋಗಣಿ ಬಾಗಲೇಬೇಕು.

ಬೌದ್ಧರ ವಿನಯಪಿಟಕ ನಮ್ಮ ಪ್ರಶ್ನೆಗೆ ಬೆರಗಾಗುವಷ್ಟು ಹತ್ತಿರ ಬರುತ್ತದೆ. ಮಹಾವಗ್ಗದ ಔಷಧಗಳ ಭಾಗದಲ್ಲಿ ಒಂದು ಪ್ರಸಂಗವಿದೆ. ಪಿಲಿಂದವಚ್ಛ ಎಂಬ ಭಿಕ್ಷುವಿಗೆ ವಾತರೋಗ. ವೈದ್ಯರು ಕಾಸಿದ ಎಣ್ಣೆ ಹೇಳುತ್ತಾರೆ, ಅದಕ್ಕೆ ಮದ್ಯ ಬೆರೆಸಬೇಕಾಗುತ್ತದೆ. ಬುದ್ಧ ಒಪ್ಪುತ್ತಾನೆ. ಕೆಲವು ಭಿಕ್ಷುಗಳು ಅದನ್ನೇ ನೆಪ ಮಾಡಿಕೊಂಡು ಹೆಚ್ಚು ಬೆರೆಸಿ ಕುಡಿದು ಅಮಲೇರಿಸಿಕೊಳ್ಳುತ್ತಾರೆ. ಆಗ ಬುದ್ಧ ಒಂದು ಗೆರೆ ಎಳೆಯುತ್ತಾನೆ: ಮದ್ಯದ ಬಣ್ಣ, ವಾಸನೆ, ರುಚಿ ಮೂರೂ ತಿಳಿಯದಂತಿದ್ದರೆ ಮಾತ್ರ ಆ ಎಣ್ಣೆ ಸಲ್ಲುತ್ತದೆ. ಈ ಪರೀಕ್ಷೆ ಗ್ರಾಂ ಲೆಕ್ಕದ್ದಲ್ಲ, ಉದ್ದೇಶದ್ದು. ರೋಗಕ್ಕೆ ಬೇಕಾದದ್ದು ಮದ್ದಿನ ಗುಣ, ಮದ್ಯದ ಸುಖವಲ್ಲ. ಸುಖ ನಾಲಿಗೆಗೆ ತಿಳಿದ ಕ್ಷಣ ಮದ್ದು ಮದ್ಯವಾಗುತ್ತದೆ. ಕಿತ್ತಳೆ ಮದ್ಯದ ಚಹಾ ಈ ಪರೀಕ್ಷೆಯಲ್ಲಿ ನಿಲ್ಲುವ ಹಾಗೇ ಇಲ್ಲ. ಅಲ್ಲಿ ಮದ್ಯ ಬೀಳುವುದೇ ವಾಸನೆಗಾಗಿ, ರುಚಿಗಾಗಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯೆನೆಂಬುದೂ ಒಂದು. ಬೇರೆ ಕಪ್ಪಿನ ಅವಮಾನದಿಂದ ಹೊರಬರಲು ಬುದ್ಧನ ಹಾದಿ ಹಿಡಿದವರ ಮೊಮ್ಮಕ್ಕಳು ನಿಪ್ಪಾಣಿಯ ಒಂದು ಮನೆಗೆ ಬಂದಾಗ, ಅವರ ಮುಂದೆ ಹೇಳದೆ ಇಟ್ಟ ಮದ್ಯದ ಚಹಾ ಅವರ ಪ್ರತಿಜ್ಞೆಯನ್ನು ಅವರಿಗೇ ಗೊತ್ತಿಲ್ಲದೆ ಮುರಿಯುತ್ತದೆ. ಮುಸಲ್ಮಾನ ನೆರೆಯವರ ಮಟ್ಟಿಗೂ ಹೀಗೆಯೇ: ಹೆಚ್ಚಾದಾಗ ಅಮಲೇರಿಸುವುದು ಕಡಿಮೆಯಿದ್ದಾಗಲೂ ನಿಷಿದ್ಧ ಎಂಬುದು ಪ್ರವಾದಿಯ ಹೆಸರಿನಲ್ಲಿ ನಡೆದುಬಂದ ನಿಯಮ. ಮೂರು ದಾರಿಗಳು ಮೂರು ಬೇರೆ ಕಾರಣ ಹೇಳಿ ಒಂದೇ ಕಪ್ಪಿನ ಮುಂದೆ ಬಂದು ನಿಲ್ಲುತ್ತವೆ.

ಶರಣರ ದಾರಿ ಇನ್ನೊಂದು ಬೆಳಕು ಕೊಡುತ್ತದೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು ನೆನೆಯುವ ಈ ನಾಡಿಗೆ ದಾಸೋಹ ಎಂಬ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಶರಣರ ಮಾತಿನಲ್ಲಿ ಕೈಗೆ ಬಂದದ್ದು ಪದಾರ್ಥ. ಅರ್ಪಿತವಾದ ಮೇಲೆ ಅದು ಪ್ರಸಾದ. ಪದಾರ್ಥ ಒಬ್ಬರ ಸ್ವತ್ತಾಗಿರಬಹುದು, ಪ್ರಸಾದ ಒಬ್ಬರದಾಗಿ ಉಳಿಯುವುದಿಲ್ಲ. ಬಂದವರಿಗೆಂದು ಸೋಸಿದ ಚಹಾ ನನ್ನ ಹಾಲು, ನನ್ನ ಸಕ್ಕರೆಯಿಂದ ಆದದ್ದೇ. ಆದರೆ ಕಪ್ಪಿಗಿಳಿದು ಪಡಸಾಲೆಗೆ ನಡೆದಾಗ ಅದು ಬಂದವರದು. ಅವರದಾದ ಮೇಲೆ ಅವರಿಗೆ ಸಲ್ಲುವಂತಿರಬೇಕು. ಶರಣರು ಮದ್ಯದ ವೃತ್ತಿಯವರನ್ನು ದೂರವಿಡಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಹೆಂಡದ ಮಾರಯ್ಯ ಎಂಬ ಶರಣರಿದ್ದರು; ಹೆಂಡ ಮಾರುವ ಕಾಯಕದ ಹೆಸರು ಅವರಿಗೆ ಶಾಶ್ವತವಾಗಿ ಅಂಟಿಕೊಂಡಿದೆ, ಧರ್ಮೇಶ್ವರಲಿಂಗ ಅಂಕಿತದ ಅವರ ವಚನಗಳು ಆ ಹೆಂಡದ ಪರಿಭಾಷೆಯಲ್ಲೇ ಅರಿವಿನ ಮಾತಾಡುತ್ತವೆ. ಮನುಷ್ಯನನ್ನು ಅವನು ಮಾರುವ ವಸ್ತುವಿನಿಂದ ಅಳೆಯದ ಆ ಔದಾರ್ಯ ನನ್ನ ವಾದಕ್ಕೆ ಬಲವೇ. ಹೆಂಡ ಮಾರುವವರೂ ಬಂದು ಕೂತು ಕುಡಿಯಬೇಕಾದದ್ದು, ಹೆಂಡ ಬಿಟ್ಟವರೂ ಬಂದು ಕೂತು ಕುಡಿಯಬೇಕಾದದ್ದು ಇದೇ ಬೋಗಣಿಯ ಚಹಾ.

ಧರ್ಮವೆಂದರೆ ಮದ್ಯವಿರೋಧವೇ ಎಂದು ಹೇಳಲಾಗದು ಎನ್ನುವವರ ಮಾತಿನಲ್ಲೂ ಹುರುಳಿದೆ. ಉಜ್ಜಯಿನಿಯ ಕಾಲಭೈರವನಿಗೆ ಮದ್ಯವೇ ನೈವೇದ್ಯ. ವೇದದ ಸೌತ್ರಾಮಣಿ ಯಾಗದಲ್ಲಿ ಸುರೆಗೆ ಸ್ಥಾನವಿದೆ. ಆಯುರ್ವೇದದ ಆಸವ, ಅರಿಷ್ಟಗಳಲ್ಲಿ ಹುಳಿಯುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಪಾಲು ಇರುತ್ತದೆ. ದ್ರಾಕ್ಷಾಸವವನ್ನು, ಬಾಣಂತಿಗೆ ದಶಮೂಲಾರಿಷ್ಟವನ್ನು ಕೊಡುವ ಮನೆಗಳು ಮದ್ಯದ ಮನೆಗಳೇನೂ ಅಲ್ಲ. ಈ ಉದಾಹರಣೆಗಳನ್ನು ಅಲ್ಲಗಳೆಯುವ ಅಗತ್ಯವಿಲ್ಲ, ಹತ್ತಿರದಿಂದ ನೋಡಿದರೆ ಸಾಕು. ಭೈರವನ ಗುಡಿಯ ಮೆಟ್ಟಿಲು ಹತ್ತಿದವರಿಗೆ ಅಲ್ಲಿನ ಪ್ರಸಾದ ಏನೆಂದು ಗೊತ್ತು. ಗೊತ್ತಿದ್ದೇ ಹೋಗುತ್ತಾರೆ, ಒಲ್ಲದವರು ಹೋಗುವುದಿಲ್ಲ. ಯಾಗದ ಸುರೆಗೆ ದಿನ, ಜಾಗ, ವಿಧಿಯ ಬೇಲಿಯಿದೆ. ಅರಿಷ್ಟದ ಬಾಟಲಿಯ ಮೇಲೆ ಹೆಸರಿದೆ, ಅಳತೆಯ ಮುಚ್ಚಳವಿದೆ, ಮುಂದೆ ಒಂದು ರೋಗವಿದೆ. ಮೂರರಲ್ಲೂ ತೆಗೆದುಕೊಳ್ಳುವವರಿಗೆ ತಿಳಿವಳಿಕೆಯೂ ಆಯ್ಕೆಯೂ ಇವೆ. ಮನೆಯ ಚಹಾಕ್ಕೆ ಇಂಥ ಬೇಲಿಯಿಲ್ಲ, ಇರಲೂಬಾರದು. ಚಹಾ ಎಂದ ಕೂಡಲೇ ಜನ ಕೈ ಚಾಚುತ್ತಾರೆ, ಏನು ಹಾಕಿದ್ದೀರಿ ಎಂದು ಕೇಳುವುದು ಅಸಭ್ಯವೆಂದೇ ಬಗೆಯುತ್ತಾರೆ. ಬೇಲಿಯೊಳಗೆ ಸಲ್ಲುವ ವಸ್ತುವನ್ನು ಬೇಲಿಯಿಲ್ಲದ ಪಾತ್ರೆಗೆ ಸುರಿಯುವುದೇ ಇಲ್ಲಿನ ತಪ್ಪು.

ಹಾಗಾದರೆ ನನ್ನ ಮನೆಯಲ್ಲಿ ನನ್ನ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಕಾನೂನಿನಿಂದ ಉತ್ತರ ಸಿಗದು. ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದಲ್ಲಿದ್ದು 1949ರ ಪಾನನಿರೋಧ ಕಾಯ್ದೆಯನ್ನು ಕಂಡ ಜಿಲ್ಲೆ. ಅದೇ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಅಲ್ಲಿ ಕುಡಿಯಲು ಪರವಾನಿಗೆ ಬೇಕು, ಗಡಿಯ ಈಚೆ ಬೇಡ. ನಿಪ್ಪಾಣಿಯಲ್ಲಿ ನಿರ್ದೋಷವಾದ ಕಪ್ಪು ಕಾಗಲ್‌ನಲ್ಲಿ ಚೀಟಿ ಕೇಳುತ್ತದೆ. ಹೀಗೆ ಗಡಿಕಲ್ಲಿನ ಬಳಿ ಬದಲಾಗುವುದು ಧರ್ಮವಾಗಲಾರದು. ನಾನು ಎಳೆಯುವ ಗೆರೆ ಬೋಗಣಿಗೂ ಕಪ್ಪಿಗೂ ನಡುವೆ. ಎಲ್ಲರಿಗೂ ಸೋಸಿಕೊಟ್ಟ ಮೇಲೆ, ವಯಸ್ಸಿಗೆ ಬಂದ ಒಬ್ಬರು ತಮ್ಮ ಕಪ್ಪಿಗೆ ಒಂದು ಚಮಚೆ ಸೇರಿಸಿಕೊಂಡರೆ ಅದನ್ನು ಪಾಪವೆಂದು ಸಾರುವ ಅಧಿಕಾರ ನನಗಿಲ್ಲ. ಅವರು ಯಾವ ವ್ರತವನ್ನೂ ಹಿಡಿದಿರದಿದ್ದರೆ ಅದು ಅವರ ಆರೋಗ್ಯ, ಅವರ ವಿವೇಕ. ಆದರೆ ಬೋಗಣಿ ಅವರೊಬ್ಬರದಲ್ಲ. ಅಲ್ಲಿ ಬೆರೆತದ್ದನ್ನು ಮತ್ತೆ ಬೇರ್ಪಡಿಸಲಾಗದು. ಒಬ್ಬರ ಇಷ್ಟ ಎಲ್ಲರ ಹೊಟ್ಟೆಗೆ ಇಳಿಯುತ್ತದೆ.

ಇನ್ನೂ ಒಂದು ಪ್ರಶ್ನೆ ಉಳಿಯಿತು. ಹೀಗೇ ಹೊರಟರೆ ಸಕ್ಕರೆ ಕಾಯಿಲೆಯವರಿಗಾಗಿ ಸಕ್ಕರೆ ಬಿಡಬೇಕು, ಹಾಲು ಒಗ್ಗದವರಿಗಾಗಿ ಹಾಲು ಬಿಡಬೇಕು. ಕಡೆಗೆ ಬೋಗಣಿಯಲ್ಲಿ ಬಿಸಿನೀರು ಮಾತ್ರ ಉಳಿಯುವುದಿಲ್ಲವೆ? ಉಳಿಯುವುದಿಲ್ಲ. ‘ಸಕ್ಕರಿ ಹಾಕ್ಲೋ, ಬ್ಯಾಡೋ’ ಎಂದು ಈಗ ಪ್ರತಿ ಮನೆಯಲ್ಲೂ ಕೇಳುತ್ತಾರೆ. ಉತ್ತರ ಹೇಳಲು ಯಾರಿಗೂ ಸಂಕೋಚವಿಲ್ಲ. ಹಾಲು, ಸಕ್ಕರೆ ಇರುತ್ತವೆಂದು ಚಹಾ ಎಂಬ ಹೆಸರೇ ಹೇಳುತ್ತದೆ. ಮದ್ಯದ ಪ್ರಶ್ನೆ ಹಾಗಲ್ಲ. ‘ಇದರಾಗ ಸ್ವಲ್ಪ ಮದ್ಯ ಐತಿ, ನಡೀತದೇನ್ರಿ?’ ಎಂದು ಕೇಳಿದ ಕೂಡಲೇ ಎದುರಿಗಿದ್ದವರು ತಮ್ಮ ಧರ್ಮವನ್ನು, ವ್ರತವನ್ನು, ಇಲ್ಲವೆ ಯಾರಿಗೂ ಹೇಳದ ಒಂದು ಹಳೆಯ ಗಾಯವನ್ನು ನಾಲ್ಕು ಜನರ ನಡುವೆ ಬಿಚ್ಚಬೇಕಾಗುತ್ತದೆ. ಕುಡಿತ ಬಿಟ್ಟು ದಿನ ಎಣಿಸುತ್ತಿರುವವರಿಗೆ ಮೂರು ಗ್ರಾಂ ಚಿಕ್ಕದಲ್ಲ. ಅವರ ಮಟ್ಟಿಗೆ ಆ ವಾಸನೆಯೇ ಹಳೆಯ ಬಾಗಿಲನ್ನು ತಟ್ಟುತ್ತದೆ. ಗಂಡನ ಕುಡಿತದಿಂದ ಸಂಸಾರ ಮುರಿದುಕೊಂಡ ಹೆಣ್ಣುಮಗಳಿಗೆ ಆ ಘಮ ಹಬ್ಬದ ಘಮವಲ್ಲ. ಬೀಡಿ ಕಟ್ಟಿ, ಕಬ್ಬಿನ ಗದ್ದೆಯಲ್ಲಿ ದುಡಿದು ಮಕ್ಕಳನ್ನು ಓದಿಸುವ ಕೈಗೆ ಒಂದು ಕಪ್ಪು ಕೊಟ್ಟು, ಅದರೊಳಗೆ ಅವಳು ಯಾವುದರಿಂದ ಓಡಿ ಬಂದಿದ್ದಾಳೋ ಅದನ್ನೇ ಇಡುವುದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ. ಅರಿಯದೆ ಮಾಡಿದ್ದರೂ ಅದು ಕ್ರೌರ್ಯವೇ. ಕೇಳಬೇಕಾಗಿಯೇ ಬಾರದಂತೆ ಚಹಾ ಮಾಡುವುದು ಅವಳಿಗೆ ತೋರಬಹುದಾದ ಗೌರವ.

ಇಷ್ಟು ಹೇಳಿ, ಹೊಸ ರುಚಿಯ ಆಸೆಯನ್ನೇ ತಪ್ಪೆಂದು ಮುಗಿಸುವುದು ನನ್ನ ಉದ್ದೇಶವಲ್ಲ. ಆ ಘಮಕ್ಕೆ ಮದ್ಯವೇ ಬೇಕೆಂದಿಲ್ಲ. ನೆರೆಯ ವಿಜಯಪುರ ಜಿಲ್ಲೆಯ ಇಂಡಿಯಿಂದ ಬರುವ ಲಿಂಬೆಹಣ್ಣನ್ನೋ ಕಿತ್ತಳೆಯನ್ನೋ ತೊಳೆದು ಒರೆಸಿ, ಸಿಪ್ಪೆಯ ಬಣ್ಣದ ಪದರವನ್ನಷ್ಟೇ ತೆಳ್ಳಗೆ ಹೆರೆಯಬೇಕು. ಕೆಳಗಿನ ಬಿಳಿ ಭಾಗ ಬಂದರೆ ಕಹಿ. ಹೆರೆದದ್ದನ್ನು ಎರಡು ಚಮಚೆ ಸಕ್ಕರೆಯ ಜೊತೆ ಕುಟ್ಟಾಣಿಯಲ್ಲಿ ಹಾಕಿ ಮೆಲ್ಲಗೆ ತಿಕ್ಕಿದರೆ ಹರಳುಗಳು ಸಿಪ್ಪೆಯನ್ನು ಗೀರಿ ಎಣ್ಣೆ ಹೀರಿಕೊಂಡು ಒದ್ದೆಯಾಗುತ್ತವೆ, ಬಣ್ಣಕ್ಕೆ ತಿರುಗುತ್ತವೆ, ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಆಲ್ಕೋಹಾಲ್ ಮಾಡುವ ಕೆಲಸವನ್ನು ಸಕ್ಕರೆಯೇ ಮಾಡಿತು. ಲಿಂಬೆಯ ರಸ ಬಿದ್ದರೆ ಹಾಲು ಒಡೆಯುತ್ತದೆ, ಹುಳಿ ಅದರ ಗುಣ. ಸಿಪ್ಪೆಯ ಎಣ್ಣೆಯಲ್ಲಿ ಹುಳಿಯಿಲ್ಲ, ಹಾಲು ಒಡೆಯುವುದಿಲ್ಲ. ಬೆಲ್ಲದ ಚಹಾ ಒಡೆಯದಿರಲೆಂದು ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕುವ ಹಾಗೆ, ಈ ಸಕ್ಕರೆಯನ್ನೂ ಕಡೆಗೆ ಹಾಕಬೇಕು. ಕುದಿಸಿದರೆ ಘಮ ಹಬೆಯ ಜೊತೆ ಹಾರಿಹೋಗುತ್ತದೆ. ಹಸಿ ಶುಂಠಿಯ ಬದಲು ಒಣಶುಂಠಿ ಕುಟ್ಟಿ ಹಾಕಿದರೆ, ಶೇಡಬಾಳದಿಂದ ಬಂದ ಜೈನ ಬೀಗರೂ ತಮ್ಮ ನಿಯಮದಂತೆ ಹೊತ್ತು ಮುಳುಗುವ ಮೊದಲು ಕುಡಿದು ಏಳಬಹುದು. ಏಲಕ್ಕಿ, ಲವಂಗ, ಒಣಶುಂಠಿ, ಲಿಂಬೆಯ ಸಿಪ್ಪೆ: ನಾಲಿಗೆ ಬಯಸಿದ ಹೊಸತು ಸಿಕ್ಕಿತು, ಯಾರ ವ್ರತವೂ ಮುರಿಯಲಿಲ್ಲ.

ಒಂದು ಕಾಲಕ್ಕೆ ಈ ಸೀಮೆಯ ಚಹಾದಂಗಡಿಯ ಮುಂದೆ ನಿಂತವರನ್ನು ‘ನೀ ಯಾರು’ ಎಂದು ಕೇಳಿ, ಆಮೇಲೆ ಕಪ್ಪು ಕೊಡುತ್ತಿದ್ದರು. ಆ ಪ್ರಶ್ನೆಯನ್ನು ಹೊರಗೆ ಹಾಕಲು ಒಬ್ಬ ದೊರೆ ಎಲ್ಲರ ಕಣ್ಣೆದುರು ಚಹಾ ಕುಡಿಯಬೇಕಾಯಿತು, ನಿಪ್ಪಾಣಿಯಲ್ಲಿ ಪರಿಷತ್ತು ಸೇರಬೇಕಾಯಿತು, ಕಾನೂನು ಬರಬೇಕಾಯಿತು. ರುಚಿಯ ಹೆಸರಿನಲ್ಲಿ ಬಂದ ಒಂದು ಚಮಚೆ ಅದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ, ನಯವಾಗಿ, ಪಡಸಾಲೆಯೊಳಗೇ ಮತ್ತೆ ಕೇಳುವಂತೆ ಮಾಡುತ್ತದೆ. ಅದಕ್ಕಾಗಿ ಬೋಗಣಿಗೆ ಅದು ಬೇಡ. ಬಂದವರು ಕೂಡಲಿ, ಬಸಿಗೆ ಸುರುವಿ ಆರಿಸಿಕೊಂಡು ಕುಡಿಯಲಿ, ಕಪ್ಪು ಕೆಳಗಿಟ್ಟು ಎದ್ದು ಹೋಗಲಿ. ಅವರು ಯಾರೆಂದು ನಾವು ಕೇಳಲಿಲ್ಲ, ಚಹಾದಲ್ಲಿ ಏನಿದೆಯೆಂದು ಅವರೂ ಕೇಳಬೇಕಾಗಲಿಲ್ಲ.